ಹೀರೋ ಬಂದಿದ್ದ ಅಂಗಡಿ

ಸವಳಂಗ ಬಸ್‌ಸ್ಟ್ಯಾಂಡಿನ ತೀರ್ಥಲಿಂಗಪ್ಪನ ಅಂಗಡಿಯಲ್ಲಿ ಮಿರ್ಚಿಗಿಂತ ಮೊದಲು ಮಾತು ಬರುತ್ತದೆ. ‘ನೀವು ಕುಂತಿರೋ ಇದೇ ಬೆಂಚಿನ ಮ್ಯಾಲೆ ಹೀರೋ ಕುಂತಿದ್ರು ರೀ!’ ಕಾರು ಕೆಟ್ಟು ನಿಂತ ಸಿನಿಮಾ ನಟನೊಬ್ಬ ಎಂದೋ ಇಲ್ಲಿ ಎರಡು ಮಿರ್ಚಿ ತಿಂದಿದ್ದ; ಇವನ ಬಾಯಲ್ಲಿ ಅವು ಇಪ್ಪತ್ತಾಗಿವೆ. ಬೆಂಚಿನ ಕಾಲು ಮುರಿದರೆ ಕಲ್ಲಿನ ಆಸರೆ ಕೊಟ್ಟನೇ ಹೊರತು ಬೆಂಚು ಬದಲಿಸಲಿಲ್ಲ. ಮಂಡಕ್ಕಿಗೆ ಈರುಳ್ಳಿ ಉದುರಿಸುವಾಗಲೂ ಕಣ್ಣು, ಅವತ್ತು ಅಂಗಡಿಯಲ್ಲೇ ತೆಗೆಸಿ ಗೋಡೆಗೆ ಹಾಕಿದ ಹೀರೋನ ಫೋಟೋದ ಮೇಲೆಯೇ. ಬಿಸಿಲು ಹೊಡೆದು ಹೀರೋನ ಮುಖ ಸುಣ್ಣದಂತಾಗಿದೆ. ‘ಇದ್ಯಾರಣ್ಣ, ದೆವ್ವನಾ?’ ಎಂದು ಗಿರಾಕಿಗಳು ರೇಗಿಸಿದರೆ ಸೌಟು ಎತ್ತುತ್ತಿದ್ದವನು ಈಗ ಅದೇ ಸೌಟಿನಿಂದ ಮಿರ್ಚಿ ಮಗುಚುತ್ತಾನೆ. ಆ ಫೋಟೋದ ಅಂಚಿನಲ್ಲಿ, ಬಾಣಲೆಯ ಮೇಲೆ, ಹಸಿರು ಬಳೆಯ ಒಂದು ಕೈಯೂ ಬಿದ್ದಿತ್ತು, ಹೆಂಡತಿ ರುದ್ರಾಣಿಯದು. ‘ಆಕಡೆ ಸರ್ಕೊಳ್ಳೇ, ಫೋಟೋ ಕೆಡ್ತೈತೆ’ ಎಂದು ಅವತ್ತು ಇವನೇ ಗದರಿದ್ದ. ಅವಳು ತೀರಿಕೊಂಡ ಮೇಲೆ ಮನೆಯೆಲ್ಲ ಹುಡುಕಿದರೆ, ಆಧಾರ್ ಕಾರ್ಡಿನ ಗುರುತು ಸಿಗದ ಮುಖ ಬಿಟ್ಟು ಬೇರೆ ಪಟವೇ ಇರಲಿಲ್ಲ. ಮೊನ್ನೆ ಫೋಟೋ ಹೊತ್ತುಕೊಂಡು ನ್ಯಾಮತಿಯ ಸ್ಟುಡಿಯೋಕ್ಕೆ ಹೋದ. ‘ಹೀರೋ ಹೋದ್ರೆ ಹೋಗ್ಲಿ ಬಿಡ್ರೀ, ಈ ಕೈ ಒಂದು ಉಳಿಸಿಕೊಡಾಕೆ ಆಗ್ತೈತಾ?’ ಎಂದ. ಸ್ಟುಡಿಯೋದವನು ಫೋಟೋವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ: ‘ಯಾವ ಕೈ, ಯಜಮಾನ್ರೇ?’