ಒಂದು ಮಗು ಸಾಕು

ಬಿಸಿ ಅನ್ನದ ಮೇಲೆ ತುಪ್ಪ ಬಿದ್ದ ಪರಿಮಳ ಮೂಗಿಗೆ ಬಂದರೆ ನನ್ನ ಎಡಗೈ ತಾನಾಗಿ ತಟ್ಟೆಗೆ ಅಡ್ಡ ಹೋಗುತ್ತದೆ. ಬಡಿಸುವವರು ತುಪ್ಪದ ಮಿಳ್ಳೆ ಬಗ್ಗಿಸುವ ಮೊದಲೇ ನಾನು ‘ಸಾಕು’ ಅಂದಾಗಿರುತ್ತದೆ. ನೋಡಿದವರು ಎಷ್ಟು ಸರಳ ಜೀವ ಎಂದು ಮೆಚ್ಚುತ್ತಾರೆ. ಇರುವ ಸೀರೆಗಳು ಒಂದು ಕೈಚೀಲಕ್ಕೆ ಹಿಡಿಸುತ್ತವೆ, ಅದನ್ನೂ ಹೊಗಳುತ್ತಾರೆ. ಆಗೆಲ್ಲ ಭದ್ರಾವತಿಯ ನ್ಯೂ ಟೌನಿನ ನಮ್ಮ ಹಳೆಯ ಕ್ವಾರ್ಟರ್ಸ್ ನೆನಪಾಗಿ, ನಾಚಿಕೆಯೋ ದುಃಖವೋ ತಿಳಿಯದೆ ಗೊಂದಲಕ್ಕೆ ಬೀಳುತ್ತೇನೆ.

ಅದು ಐವತ್ತರ ದಶಕದ ಕೊನೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್ಮನ್. ಪಕ್ಕದ ಮನೆಯಲ್ಲಿದ್ದ ಅವರ ತಮಿಳು ಸ್ನೇಹಿತರು ರಿಟೈರಾಗಿ ಕ್ವಾರ್ಟರ್ಸ್ ಖಾಲಿ ಮಾಡಿದ ದಿನ, ಸಾಮಾನೆಲ್ಲ ರಸ್ತೆಗೆ ಬಂದು, ಲಾರಿಯಲ್ಲಿ ಹಿಡಿಸದೆ ಅರ್ಧ ಉಳಿಯಿತು. ಅಷ್ಟು ಗಟ್ಟಿ ಮನುಷ್ಯ ಒಂದು ಹಳೇ ಬೀರುವನ್ನು ಕಾಯುತ್ತ ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತಿದ್ದನ್ನು ಅಪ್ಪ ನೋಡಿದರು. ಆವತ್ತಿನಿಂದ ಅವರಿಗೆ ಸರಳವಾಗಿ ಬದುಕುವ ಹುಚ್ಚು ಹಿಡಿಯಿತು. ಎರಡು ಬೆತ್ತದ ಕುರ್ಚಿಯಲ್ಲಿ ಒಂದು ಹೋಯಿತು. ಎರಡು ಮಂಚದಲ್ಲಿ ಒಂದು ಹೋಯಿತು. ಗೋಡೆ ಗಡಿಯಾರವೂ ಕೆಳಗಿಳಿಯಿತು. ಹೊತ್ತು ಹೇಳಲು ಕಾರ್ಖಾನೆಯ ಸೈರನ್ ಇರಲಿಲ್ಲವೇ! ಎಲ್ಲವೂ ಶಿವಮೊಗ್ಗದ ಕೋಟೆ ಬೀದಿಯಲ್ಲಿದ್ದ ಅಪ್ಪನ ತಂಗಿ, ನಮ್ಮ ಸೀತತ್ತೆಯ ಮನೆ ಸೇರಿದವು. ಅತ್ತೆಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಜಾಗ ಬೇಕಾದಷ್ಟಿತ್ತು. ಸಾಮಾನು ಹೊರಟಾಗೆಲ್ಲ ಅಪ್ಪನದು ಒಂದೇ ಮಾತು: “ನಮಗೆ ಒಂದು ಸಾಕು.” ಅಮ್ಮ ಒಲೆಯ ಮುಂದಿನಿಂದಲೇ, “ಸದ್ಯ, ಹೆಂಡ್ತಿ ಒಬ್ಬಳೇ ಇರೋದು. ನಾನು ಬಚಾವು” ಎನ್ನುತ್ತಿದ್ದಳು.

ಆದರೆ ಹೆಣ್ಣುಮಕ್ಕಳು ನಾವಿಬ್ಬರಿದ್ದೆವು: ಅಕ್ಕ ಶಾರದೆ ಮತ್ತು ಎಂಟು ವರ್ಷದ ನಾನು. ಒಂದು ಭಾನುವಾರ ಅತ್ತೆ ಬಂದಿದ್ದರು. ಹಿತ್ತಿಲ ಕಟ್ಟೆಯ ಮೇಲೆ ಅಣ್ಣ ತಂಗಿ ಕೂತಿದ್ದರು, ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಪ್ಪ ಮೆಲ್ಲಗೆ ಹೇಳಿದ್ದು ಕೇಳಿಸಿತು: “ಒಂದು ಮಗು ಸಾಕು, ಸೀತಾ.” ಮುಂದಿನದನ್ನು ಕೇಳಲು ನಾನು ನಿಲ್ಲಲಿಲ್ಲ. ಕುರ್ಚಿ ಆಯಿತು, ಮಂಚ ಆಯಿತು, ಇನ್ನು ಮಗಳು. ಅಕ್ಕ ಓದಿನಲ್ಲಿ ಮುಂದು, ಅಮ್ಮನಿಗೆ ಅಡುಗೆಯಲ್ಲೂ ಒದಗಿಬರುತ್ತಿದ್ದಳು. ಹೋಗುವವಳು ನಾನೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಉಳಿದುಕೊಳ್ಳಲು ಹೊಳೆದ ಉಪಾಯ ಒಂದೇ: ಮನೆಯಲ್ಲಿ ಆದಷ್ಟು ಕಡಿಮೆ ಜಾಗ ಹಿಡಿಯುವುದು. ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಪ್ರಾಣದಂತಿದ್ದ ತುಪ್ಪ ಬಿಟ್ಟೆ. ದೀಪಾವಳಿಗೆ ಹೊಸ ಲಂಗ ಬೇಡ ಅಂದೆ. ಚಾಪೆಯ ಅಂಚಿನಲ್ಲಿ ಕಾಲು ಮಡಚಿ ಮಲಗಿದೆ. “ನನ್ನ ಮಾತು ಅರ್ಥ ಆಗಿದ್ದು ಈ ಪುಟ್ಟಿಗೊಬ್ಬಳಿಗೇ ಕಣೇ” ಎಂದು ಅಪ್ಪ ಅಮ್ಮನ ಮುಂದೆ ಹಿಗ್ಗಿದರು. ಹೆದರಿಕೆಗೆ ಸಿಕ್ಕ ಆ ಹೊಗಳಿಕೆ ನನಗೆ ತುಪ್ಪಕ್ಕಿಂತ ರುಚಿಸಿತು. ಮರುವರ್ಷ ಸೀತತ್ತೆ ದೂರದ ನೆಂಟರ ತಾಯಿಯಿಲ್ಲದ ಕೂಸೊಂದನ್ನು ತಂದುಕೊಂಡರು. ನಾನು ಕೇಳಿಸಿಕೊಂಡ ಮಾತಿಗೂ ಆ ಕೂಸಿಗೂ ಸಂಬಂಧವಿರಬಹುದೆಂದು ನನಗೆ ತೋಚಲೇ ಇಲ್ಲ. ನನ್ನ ಉಪಾಯ ಫಲಿಸಿತು ಎಂದಷ್ಟೇ ನಂಬಿದೆ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಕೋಟೆಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ತಮಾಷೆಗೆಂಬಂತೆ ಅತ್ತೆಗೆ ಇದನ್ನು ಹೇಳಿದೆ. ಅತ್ತೆ ನಗಲಿಲ್ಲ. ಕೈಯಲ್ಲಿದ್ದ ಮಿಳ್ಳೆಯನ್ನು ಕೆಳಗಿಟ್ಟರು.

“ಅಯ್ಯೋ ಹುಚ್ಚಿ, ಸಾಕು ಅಂದಿದ್ದು ನಂಗೆ ಕಣೇ. ಅಳ್ತಾ ಕೂರ್ಬೇಡ, ಯಾವ್ದಾದ್ರೂ ಒಂದು ಮಗೂನ ತಂದು ಸಾಕು ಅಂತ. ನಾನು ನಿನ್ನನ್ನೇ ಕೇಳಿದ್ದೆ. ಕುರ್ಚಿ ಕೇಳು, ಮಂಚ ಕೇಳು, ಅವಳನ್ನ ಮಾತ್ರ ಕೇಳ್ಬೇಡ ಮಾರಾಯ್ತಿ ಅಂದ ಅಣ್ಣ.”

ಕೊಡಲಾರೆ ಎಂದವರ ಮನೆಯಲ್ಲಿ ನಾನು ಅಷ್ಟು ವರ್ಷ ಕಾಲು ಮಡಚಿ ಮಲಗಿದ್ದೆ. ಹಾಗಾದರೆ ಈ ಸರಳತೆ ಅಪ್ಪ ಕಲಿಸಿದ್ದೋ, ಹೆದರಿಕೆ ಕಲಿಸಿದ್ದೋ? ಇದರಲ್ಲಿ ನೆಮ್ಮದಿಯಾಗಿ ಬಾಳಿದ್ದೂ ಸುಳ್ಳಲ್ಲವಲ್ಲ. ತಪ್ಪಾಗಿ ತಿಳಿದುಕೊಂಡ ಒಂದು ಮಾತಿನಿಂದ ಆದ ಮನುಷ್ಯಳು ನಾನು. ಸರಿಯಾಗಿ ತಿಳಿದಿದ್ದರೆ ನಾನು ಆಗುತ್ತಿದ್ದ ಆ ಇನ್ನೊಬ್ಬಳು ಹೇಗಿರುತ್ತಿದ್ದಳೋ, ನೀವಾದರೂ ಹೇಳಬಲ್ಲಿರಾ? ಈಗ ಕೇಳೋಣವೆಂದರೆ ಅಮ್ಮನಿಲ್ಲ, ಅತ್ತೆಯೂ ಇಲ್ಲ. ಆವತ್ತು ಅತ್ತೆ ಮಿಳ್ಳೆಯನ್ನು ಮತ್ತೆ ಎತ್ತಿಕೊಂಡು, “ಈಗಾದ್ರೂ ಹಾಕಿಸ್ಕೊ” ಅಂದರು. ಬೇಕೆನ್ನಿಸಿತು, ತುಂಬ ಬೇಕೆನ್ನಿಸಿತು. ಆದರೆ ಎಡಗೈ ಆಗಲೇ ತಟ್ಟೆಗೆ ಅಡ್ಡ ಹೋಗಿತ್ತು.