ಟೀಚರಮ್ಮ ಬಿಟ್ಟುಕೊಟ್ಟ ಮನೆ

ಆಫೀಸಿಗೆ ಸುಣ್ಣ ಹೊಡೆಸಲು ಬೀರು ಸರಿಸಿದಾಗ ಹಿಂದಿನಿಂದ ಒಂದು ತಗಡಿನ ಬೋರ್ಡು ಬಿತ್ತು. ‘ಮನೆ ಬಾಡಿಗೆಗೆ ಇದೆ.’ ದುಂಡನೆಯ ಅಕ್ಷರ, ಒಂದು ತಲೆಕಟ್ಟೂ ಓರೆಯಾಗಿಲ್ಲ. ಇವತ್ತು ಹೊಸೂರಿನಲ್ಲಿ ನಾನು ತೂಗುಹಾಕುವ ಬೋರ್ಡುಗಳು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಈಚೆಗೆ ಹಿಂದಿಯಲ್ಲೂ ಇರುತ್ತವೆ. ಕನ್ನಡದ್ದು ಬರೆಸಿ ಎಷ್ಟು ವರ್ಷವಾಯಿತೋ... ಇದನ್ನು ಬರೆದುಕೊಟ್ಟವರು ನಮ್ಮ ಬೀದಿಯ ಸರ್ಕಾರಿ ಶಾಲೆಯ ಕನ್ನಡ ಟೀಚರಮ್ಮ.

ನಾನು ಮನೆ ಬ್ರೋಕರ್. ಡೆಂಕಣಿಕೋಟೆ ಕಡೆಯಿಂದ ಬರಿಗೈಲಿ ಬಂದು, ಟೀ ಅಂಗಡಿಯ ಬೆಂಚನ್ನೇ ಆಫೀಸು ಮಾಡಿಕೊಂಡು ಮೇಲೆದ್ದವನು. ಟೀಚರಮ್ಮ ಬೋರ್ಡು ಬರೆದದ್ದಕ್ಕೆ ಕಾಸು ಮುಟ್ಟುತ್ತಿರಲಿಲ್ಲ. ಬದಲಿಗೆ ಕಡಿಮೆ ಬಾಡಿಗೆಯ ಮನೆ ಕೇಳುತ್ತಿದ್ದರು, ಅದೂ ತಮ್ಮ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಿಗೆ. ಫ್ಯಾಕ್ಟರಿಗಳು ಹೆಚ್ಚಿದಂತೆ ಬಾಡಿಗೆ ಏರಿ, ಸಂಸಾರಗಳು ಒಂದೊಂದಾಗಿ ಊರಾಚೆಗೆ ಹೋಗುತ್ತಿದ್ದವು. ಒಂದು ಸಂಸಾರ ಹೋದರೆ ಹಾಜರಿ ಪುಸ್ತಕದಲ್ಲಿ ಎರಡು ಮೂರು ಹೆಸರು ಹೋದಂತೆ. ಹೆಸರು ಕಡಿಮೆಯಾದರೆ ಕನ್ನಡ ವಿಭಾಗವನ್ನೇ ಮುಚ್ಚುತ್ತಾರೆ ಎಂಬುದು ಅವರ ಭಯ.

ಆದರೆ ಚೌಕಾಸಿ ಅವರಿಗೆ ಬರುತ್ತಿರಲಿಲ್ಲ. ಓನರ್ ಪೂರ್ತಿ ಬಾಗಿಲು ತೆಗೆಯುವ ಮೊದಲೇ, “ಮೂರ್ ಮಕ್ಳು, ಒಬ್ರು ಅಜ್ಜಿ, ಅಜ್ಜಿಗೆ ಕೆಮ್ಮು” ಎಂದು ಎಲ್ಲ ಒಪ್ಪಿಸಿಬಿಡುತ್ತಿದ್ದರು.

“ಟೀಚರಮ್ಮಾ, ಕೆಮ್ಮು ಮನೆ ಸೇರಿದ್ಮೇಲೆ ಶುರುವಾಗ್ಲಿ. ಈಗ್ಲೇ ಯಾಕೆ ಹೇಳ್ತೀರ?” ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

“ಸುಳ್ಳೇಳಿ ಮನೆ ಹಿಡ್ಕೊಟ್ರೆ ನಾಳೆ ಆ ಮಕ್ಳಿಗೆ ಏನಂತ ಪಾಠ ಮಾಡ್ಲಪ್ಪಾ?”

“ಮಗ್ಗಿ ಹೇಳ್ಕೊಡಿ. ಮಗ್ಗೀಲಿ ಸುಳ್ಳಿಲ್ಲ.”

ನಗುತ್ತಿದ್ದರು. ಓನರುಗಳಿಗೋ, ತಲೆಗಿಷ್ಟು ಎಂದು ಕೊಟ್ಟು, ಪಾಳಿ ಮುಗಿಸಿ ಬಂದು ಮಲಗುವ ಒಡಿಶಾ, ಬಿಹಾರದ ಕೆಲಸಗಾರರೇ ಬೇಕಿತ್ತು. ಆ ಹುಡುಗರನ್ನು ನಾನು ದೂರಲಾರೆ. ಹೊಸತರಲ್ಲಿ ನಾನೂ ಹತ್ತು ಜನರ ನಡುವೆ ಚಾಪೆ ಹಾಸಿದವನೇ.

ಒಂದು ಬೇಸಿಗೆ ರಜೆಯಲ್ಲಿ, ಅಂಚೆಟ್ಟಿ ಕಡೆಯಿಂದ ಬಂದು ಹೂವಿನ ತೋಟದಲ್ಲಿ ದುಡಿಯುತ್ತಿದ್ದ ಗಂಡ ಹೆಂಡತಿಯನ್ನು ಅವರ ಓನರ್ ಮನೆ ಬಿಡಿಸಿದ. ಅವರ ಮೂವರು ಹೆಣ್ಣುಮಕ್ಕಳೂ ಟೀಚರಮ್ಮನ ಬಳಿ ಓದುತ್ತಿದ್ದವರು. ವಾರವೆಲ್ಲ ಸುತ್ತಿದರೂ ಮನೆ ಸಿಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಟೀಚರಮ್ಮನ ಸಾಮಾನೇ ಟೆಂಪೋ ಮೇಲಿತ್ತು.

“ಏನ್ ಟೀಚರಮ್ಮಾ, ಎಲ್ಲಿಗೆ?”

“ರಾಯಕೋಟೆಗಪ್ಪಾ, ತಂಗಿ ಮನೆಗೆ. ನಾನ್ ಒಬ್ಳೇ ತಾನೆ, ಬಸ್ಸಲ್ಲಿ ಓಡಾಡ್ಕೋತೀನಿ. ಈ ಮನೇಲಿ ಅವ್ರಿರ್ಲಿ. ಹನ್ನೆರ್ಡು ವರ್ಷದಿಂದ ಅದೇ ಬಾಡ್ಗೆ, ಅವ್ರ ಕೈಲೂ ಆಯ್ತದೆ.”

ನಮ್ಮ ಕಸುಬಿನ ಮೊದಲ ಪಾಠ ಇದು: ಹಳೆಯ ಬಾಡಿಗೆ ಹಳೆಯ ಬಾಡಿಗೆದಾರನ ಮುಖ ನೋಡಿ ಉಳಿದಿರುತ್ತದೆ, ಆತ ಹೊಸ್ತಿಲು ದಾಟಿದರೆ ಅದೂ ದಾಟುತ್ತದೆ. ಓನರನ್ನು ಒಂದು ಮಾತು ಕೇಳಿದಿರಾ ಎಂಬುದು ಬಾಯಿವರೆಗೂ ಬಂತು. ಆದರೆ ಆ ಬೀದಿಯಲ್ಲಿ ಒಂದು ಮನೆ ಖಾಲಿಯಾಗುತ್ತಿದೆ ಎಂಬುದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಟೆಂಪೋದ ಹಗ್ಗ ಸಡಿಲವಾಗಿತ್ತು. ನಾನೇ ಒಂದು ಗಂಟು ಬಿಗಿದು ಕಳಿಸಿಕೊಟ್ಟೆ.

ಸಂಜೆಗೇ ಓನರ್ ಫೋನು. “ಟೀಚರು ಬಿಟ್ರು ಕಣ್ಲಾ. ಹೂವಿನ್ ತೋಟದೋರು ಅದೇ ಬಾಡ್ಗೆಗೆ ಬತ್ತೀವಿ ಅಂತವ್ರೆ. ನಾನೇನ್ ಧರ್ಮಛತ್ರ ಮಡ್ಗಿದ್ದೀನಾ? ದುಪ್ಪಟ್ಟು ಕೊಡೋರ್ನ ನೋಡ್ಲಾ.”

ಎರಡು ದಿನದಲ್ಲಿ ಎಂಟು ಜನ ಕೆಲಸಗಾರರನ್ನು ತಂದು ಸೇರಿಸಿದೆ. ಕಮಿಷನ್ನೂ ತೆಗೆದುಕೊಂಡೆ. ಆ ಸಂಸಾರ ಅಂಚೆಟ್ಟಿಗೆ ವಾಪಸ್ಸಾಯಿತು.

ಶಾಲೆ ತೆರೆದ ದಿನ ಟೀಚರಮ್ಮ ಬಸ್ಸಿಳಿದು ನೇರ ನನ್ನ ಬೆಂಚಿನ ಹತ್ತಿರ ಬಂದರು. “ನಿಂಗೊತ್ತಿತ್ತಲ್ಲಪ್ಪಾ... ಒಂದ್ ಮಾತು ಹೇಳ್ಬಾರ್ದಾಗಿತ್ತಾ?”

“ನೀವ್ ಕೇಳ್ಲಿಲ್ವಲ್ಲ ಟೀಚರಮ್ಮಾ!” ಸಿಟ್ಟಿನಿಂದಲೇ ಅಂದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದು ಅವರ ಮೇಲೆ ಎಂದು ಹೇಳಲು ಮಾತ್ರ ಈಗ ಬಾಯಿ ಬರುವುದಿಲ್ಲ.

ನಿವೃತ್ತಿಯವರೆಗೂ ಅವರು ಬಸ್ಸಿನಲ್ಲೇ ಓಡಾಡಿದರು. ನಿವೃತ್ತರಾದ ಎರಡನೇ ವರ್ಷ ಕನ್ನಡ ವಿಭಾಗ ಮುಚ್ಚಿತು. ಹೋದ ವರ್ಷ ಅವರೂ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ...

ಈಗ ಯಾರೇ ಮನೆ ಖಾಲಿ ಮಾಡುವುದು ಕಂಡರೂ, ಕೇಳದಿದ್ದರೂ ಹೇಳುತ್ತೇನೆ: ಹಳೇ ಬಾಡಿಗೆಯ ಮನೆ ಬಿಡಬೇಡಿ. ಯಾರಿಗಾದರೂ ಬಿಟ್ಟುಕೊಡುವುದಾದರೆ, ಅವರ ಹೆಸರು, ಅವರ ಬಾಡಿಗೆ ಎರಡನ್ನೂ ಓನರ್ ಕೈಲಿ ಬರೆಸಿಕೊಂಡು ಆಮೇಲೆ ಸಾಮಾನು ಎತ್ತಿ. ಹೋದ ತಿಂಗಳು ಒಂದು ಸಂಸಾರ ಈ ಮಾತು ಕೇಳಿ ನಮ್ಮ ಬೀದಿಯಲ್ಲೇ ಉಳಿದುಕೊಂಡಿತು. ಇಬ್ಬರು ಮಕ್ಕಳು, ಮನೆಮಾತು ಕನ್ನಡ. ಬೆಳಿಗ್ಗೆ ಎಂಟಕ್ಕೆ ಇಂಗ್ಲಿಷ್ ಶಾಲೆಯ ವ್ಯಾನು ಬಂದು ಅವರನ್ನು ಹತ್ತಿಸಿಕೊಂಡು ಹೋಗುತ್ತದೆ.