ಎಡಕ್ಕೆ ಬಿದ್ದ ಹೂವು

ಹೂವನ್ನು ಎಡಕ್ಕೆ ಬೀಳಿಸಿದವಳು ನಾನು. ಹನುಮಪ್ಪನಲ್ಲ — ನಾನು. ವಾಡಿಯ ನಮ್ಮ ಓಣಿಯಲ್ಲಿ ಈಗಲೂ ಜನ ಆ ಹೂವಿನ ಮಾತು ಆಡುತ್ತಾರೆ. ದೇವರು ಒಬ್ಬ ಹೆಣ್ಣುಮಗಳನ್ನು ಪರದೇಶದ ಗಂಡಾಂತರದಿಂದ ಹೇಗೆ ಉಳಿಸಿದ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ಅದು ಉಳಿಸಿದ್ದಲ್ಲ, ಕಸಿದುಕೊಂಡದ್ದು ಎಂದು ಅವರಿಗೆಲ್ಲ ಹೇಗೆ ಹೇಳಲಿ —

ನನ್ನ ಯಜಮಾನರು ಇಲ್ಲಿನ ಸಣ್ಣದೊಂದು ಹನುಮಪ್ಪನ ಗುಡಿಯ ಅರ್ಚಕರು. ಪೂಜೆ ಅವರದು. ಮಡಿಯಲ್ಲಿ ಗಂಧ ತೇಯುವುದು, ಹೂ ಆರಿಸಿ ಕೊಡುವುದು ಮದುವೆಯಾಗಿ ಬಂದಂದಿನಿಂದ ನನ್ನ ಕೆಲಸ. ನಮ್ಮ ಗುಡಿಯಲ್ಲಿ ಹೂ ಕೇಳುವ ಪದ್ಧತಿಯಿದೆ. ಈ ಸಂಬಂಧ ಬೆಳೆಸಬೇಕೆ, ಆ ಹೊಲದಲ್ಲಿ ಬೋರು ಹಾಕಿಸಬೇಕೆ ಎಂದು ಮನಸ್ಸು ಎರಡಾದಾಗ ಜನ ಬರುತ್ತಾರೆ. ದೇವರ ಎರಡೂ ಭುಜಗಳಿಗೆ ಒಂದೊಂದು ಒದ್ದೆ ಹೂ ಅಂಟಿಸಿ, ಕೈಮುಗಿದು ಕೂರುವುದು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಅದರ ಮೇಲೆ ಮಾತಿಲ್ಲ.

ಸುಧಾ ನನ್ನ ನಾದಿನಿ, ಯಜಮಾನರ ತಂಗಿ. ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎಂದು ಕರೆಯುತ್ತಾಳೆ. ಮದುವೆ ಬೇಡವೆಂದವಳು. ಶಹಾಬಾದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದಳು. ಗೋಡೆಗೆ ತೂಗುಹಾಕಿದ ಯುರೋಪಿನ ನಕಾಶೆಗೆ ಕೋಲು ಮುಟ್ಟಿಸಿ ಮುಟ್ಟಿಸಿ ಫ್ರಾನ್ಸ್ ಇದ್ದ ಜಾಗದಲ್ಲಿ ತೂತು ಬಿದ್ದಿತ್ತಂತೆ. ಪ್ಯಾರಿಸ್ ಕೂಡ ನಮ್ಮಂಥ ಸುಣ್ಣದ ಕಲ್ಲಿನಲ್ಲೇ ಕಟ್ಟಿದ ಊರು ಎಂದು ಹುಡುಗರಿಗೆ ಹೇಳುತ್ತಿದ್ದಳು. ಹುಡುಗರು ನಂಬುತ್ತಿರಲಿಲ್ಲ. ನಾನೂ ನಂಬಿರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ನಮ್ಮ ಅಡುಗೆಮನೆಯ ಶಹಾಬಾದಿ ಕಲ್ಲುಹಾಸಿನ ಮೇಲೆ ಕುಳಿತು ಸೀಮೆಸುಣ್ಣದಲ್ಲಿ ಫ್ರಾನ್ಸ್ ದೇಶದ ಆರು ಮೂಲೆಯ ಒಂದು ಚಿತ್ರ ಬರೆದಳು. ಅದರ ಮೇಲೆ ತೊಗರಿ ಕಾಳು ಇಡುತ್ತ ಹೋದಳು.

"ಇದು ಪ್ಯಾರಿಸ್. ಇಲ್ಲಿ ಇಳಿಯೂದು. ಆಮ್ಯಾಲೆ ರೈಲಿನಾಗ ಲಿಯೋನ್. ಇದು ಎರಡು ನದಿ ಕೂಡೂ ಊರು, ಅದು ನೋಡಬೇಕು. ಅಲ್ಲಿಂದ ಹಳ್ಳಿ ಕಡಿ. ದ್ರಾಕ್ಷಿ ತ್ವಾಟ ಇರೂ ಹಳ್ಳಿ, ವೈನಿ. ಆಗಸ್ಟ್ ಮುಗೀಲಿಕ್ಕ ಬಂದಾಗ ಹೋಗೋಣು. ಅಲ್ಲಿ ಆಗ ಬ್ಯಾಸಗಿ, ದ್ರಾಕ್ಷಿ ಬಿಡಸ್ತಿರ್ತಾರ."

"ಬ್ಯಾಸಗ್ಯಾಗ ಹೋಗಿ ಸಾಯೋದೇನು?" ಎಂದೆ.

"ಅಲ್ಲಿ ಬ್ಯಾಸಗಿ ಅಂದ್ರ ನಮ್ಮ ಸಂಕ್ರಾಂತಿ. ಶಾಲು ತಗೋರಿ," ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಮಂತ್ರಾಲಯ, ತಿರುಪತಿ ಬಿಟ್ಟರೆ ನಾನು ಎಲ್ಲಿಗೂ ಹೋದವಳಲ್ಲ. ಹೋದಲ್ಲೆಲ್ಲ ಯಜಮಾನರ ಹಿಂದೆ ಹಿಂದೆ, ಅವರ ಧೋತ್ರದ ಅಂಚು ನೋಡುತ್ತ ನಡೆದವಳು. ಅವರಿಗೆ ಗುಡಿ ಬಿಟ್ಟು ಬರಲಾಗದು. ಹಾಗಾಗಿ ಜೊತೆಗೆ ಬರಬೇಕಾದವಳು ನಾನೊಬ್ಬಳೇ. ಆದರೂ ಹೂಂ ಎಂದೆ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡೆ. ಆ ಫೋಟೋದಲ್ಲಿ ನನ್ನ ಮುಖ ನೋಡಿದವರು ಇವಳು ಏನೋ ಕದ್ದಿದ್ದಾಳೆ ಎನ್ನಬೇಕು, ಹಾಗಿತ್ತು.

ಆಗಲೇ ಸುಧಾಳ ಕಣ್ಣಿನ ವಿಷಯ ಗೊತ್ತಾದದ್ದು. ಹೈದರಾಬಾದಿನ ಡಾಕ್ಟರು ಕಾಚಬಿಂದು ಎಂದರು. ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಸುಧಾ ಫ್ರಾನ್ಸಿನ ಮಾತು ತೆಗೆದಳು. ಡಾಕ್ಟರು, ನೋಡುವುದಿದ್ದರೆ ಈ ವರ್ಷವೇ ನೋಡಿಬಿಡಿ ಎಂದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಮಾತು ನನಗೆ ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ.

ತಿರುಗಿ ಬರುವಾಗ ವಾಡಿ ಜಂಕ್ಷನ್ನಿನಲ್ಲಿ ಇಳಿದೆವು. ಮುಸ್ಸಂಜೆ. ಗದ್ದಲದಲ್ಲಿ ಅವಳ ಕೈ ನನ್ನ ಕೈಯಿಂದ ಜಾರಿತು. ನೋಡಿದರೆ ಸುಧಾ ನೆಟ್ಟಗೆ ಹಳಿಯ ಕಡೆಗೆ ನಡೆಯುತ್ತಿದ್ದಾಳೆ — ಪ್ಲಾಟ್‌ಫಾರ್ಮಿನ ಅಂಚು ಅವಳಿಗೆ ಕಾಣುತ್ತಿರಲಿಲ್ಲ. ಸೆರಗು ಹಿಡಿದು ಎಳೆದೆ. ಅವಳಿಗೆ ಆದದ್ದು ತಿಳಿಯಲೂ ಇಲ್ಲ. "ಯಾಕ್ರಿ ವೈನಿ, ಇಷ್ಟ್ಯಾಕ ಎಳೀಲಿಕತ್ತೀರಿ?" ಎಂದಳು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಪ್ಯಾರಿಸ್ಸಿನ ಯಾವುದೋ ಸ್ಟೇಶನ್ನು. ಸುತ್ತ ತಿಳಿಯದ ಮಾತು, ಅವಳ ಕೈ ಜಾರುತ್ತದೆ, ನಾನು ಕೂಗುತ್ತೇನೆ. ಯಾವ ಭಾಷೆಯಲ್ಲಿ ಕೂಗುವುದು? ಕನ್ನಡದಲ್ಲಿ ಕೂಗಿದರೆ ಯಾರು ಬರುತ್ತಾರೆ? ಇದನ್ನು ಬರೆಯುವಾಗ, ನೋಡಿ, ಎಷ್ಟು ಚೆಂದವಾಗಿ ಬರುತ್ತದೆ — ಅವಳ ಜೀವದ ಚಿಂತೆ ಎಂಬಂತೆ. ಸುಳ್ಳು. ನಿಜ ಹೇಳಬೇಕೆಂದರೆ ನನಗೆ ನನ್ನದೇ ಭಯ. ದಾರಿ ಕೇಳಬೇಕಾದವಳು ನಾನು, ಕಾಗದ ತೋರಿಸಬೇಕಾದವಳು ನಾನು, ನಾಲ್ಕು ಜನರ ನಡುವೆ ದಡ್ಡಿಯಾಗಿ ನಿಲ್ಲಬೇಕಾದವಳು ನಾನು. ಆ ಭಯಕ್ಕೆ ಅವಳ ಕಣ್ಣಿನ ಹೆಸರು ಇಟ್ಟುಕೊಂಡೆ.

ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಅವಳು ಬೈಯುತ್ತಿದ್ದಳು, ಬೇರೆ ಯಾರನ್ನಾದರೂ ಹುಡುಕುತ್ತಿದ್ದಳು. ಹೇಳಲಿಲ್ಲ. ವೀಸಾದ ಓಡಾಟ ಶುರುವಾಗುವ ಮೊದಲು ಒಮ್ಮೆ ಹೂ ಕೇಳಿಬಿಡೋಣ ಎಂದೆ. ಸುಧಾಗೆ ಇಂಥದರಲ್ಲಿ ಅಷ್ಟು ನಂಬಿಕೆಯಿರಲಿಲ್ಲ.

"ಸಮುದ್ರ ಜಿಗದಾವ ಅವ. ನಮಗ ದಾಟಬ್ಯಾಡ ಅಂತಾನೇನು? ಕೇಳ್ರಿ, ಕೇಳ್ರಿ," ಎಂದಳು.

ಶನಿವಾರ ಬೆಳಿಗ್ಗೆ. ನಾನು ಮಡಿಯಲ್ಲಿದ್ದೆ. ಎರಡು ಕಣಗಿಲ ಹೂ ಆರಿಸಿದೆ. ಬಲಕ್ಕೆ ಇಡುವುದು ಮೊಗ್ಗಿನಂಥ ಹಗುರ ಹೂ. ಅದರ ಬೆನ್ನಿಗೆ ದಪ್ಪಗೆ ಗಂಧ ಒರೆಸಿದೆ. ಎಡಕ್ಕೆ ಇಡುವುದು ಪೂರ್ತಿ ಅರಳಿದ್ದು. ಅದನ್ನು ಸೆರಗಿನಲ್ಲಿ ಒರೆಸಿ ನೀರು ತೆಗೆದೆ. ಯಜಮಾನರು ಕೈ ಚಾಚಿದರು, ಮೊದಲು ಬಲದ್ದು, ಆಮೇಲೆ ಎಡದ್ದು ಕೊಟ್ಟೆ. ಅವರು ನೋಡಲಿಲ್ಲ — ನನ್ನ ಕೈಯಿಂದ ಬಂದ ಹೂವನ್ನು ಅವರು ಎಂದೂ ನೋಡಿದವರಲ್ಲ. ಮೂವರೂ ಕೈಮುಗಿದು ಕುಳಿತೆವು. ಆಗಲೂ ಎದ್ದು ಆ ಹೂ ಕಿತ್ತು ಬಿಸಾಡಬಹುದಿತ್ತು. ಏಳಲಿಲ್ಲ.

ಎಡಗಡೆಯದು ಬಿತ್ತು.

"ಎಡಕ್ಕ ಆತಲ್ಲವ್ವಾ," ಎಂದರು ಯಜಮಾನರು, ಮೆಲ್ಲಗೆ.

ಸುಧಾ "ಆತು ಬಿಡ್ರಿ. ಅವನೇ ಬ್ಯಾಡ ಅಂದ ಮ್ಯಾಲೆ ಏನದ," ಎಂದಳು. ಬಿದ್ದ ಹೂವನ್ನು ಪ್ರಸಾದವೆಂದು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ನಾನು ನೋಡುತ್ತ ಕುಳಿತಿದ್ದೆ. ನನಗೆ ಆದದ್ದು ಮೊದಲು ಸಮಾಧಾನ. ಇದನ್ನೂ ಹೇಳಲೇಬೇಕು — ಮೊದಲು ಸಮಾಧಾನವೇ ಆಯಿತು. ಹೆದರಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ವರ್ಷಗಳು ಕಳೆದವು. ಅವಳ ನೋಟ ಕೀಲಿಯ ತೂತಿನಷ್ಟಾಯಿತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಒಂದಿಷ್ಟು ಬೆಳಕು ಉಳಿದಿದೆ. ಕಿಟಕಿ ಎಲ್ಲಿದೆ ಎಂದು ತಿಳಿಯುತ್ತದೆ, ಎದುರು ನಿಂತವರು ನೆರಳಿನ ಹಾಗೆ ಕಾಣುತ್ತಾರೆ. ಶಹಾಬಾದದ ಮನೆ ಬಿಟ್ಟು ನಮ್ಮಲ್ಲಿಗೆ ಬಂದಳು. ಬೆಳಿಗ್ಗೆ ಅವಳ ತಲೆ ಬಾಚುವುದು ನಾನೇ. ಓಣಿಯ ಹೆಂಗಸರು ಬಂದರೆ, "ಹನಮಪ್ಪ ಬ್ಯಾಡ ಅಂದದ್ದು ಛಲೋ ಆತು. ಹೋಗಿದ್ರ ಅಲ್ಲೇ ಎಲ್ಲರೆ ಬಿದ್ದು ಸಾಯ್ತಿದ್ದೆ," ಎನ್ನುತ್ತಾಳೆ. ಏನನ್ನೂ ನಂಬದೆ ನಗುತ್ತಿದ್ದವಳು ಈಗ ಎಲ್ಲದಕ್ಕೂ ಹೂ ಕೇಳಿಸುತ್ತಾಳೆ. ನಾನು ಅವಳ ಪ್ರವಾಸವನ್ನಷ್ಟೇ ತೆಗೆದುಕೊಂಡೆನೆಂದು ತಿಳಿದಿದ್ದೆ. ಅವಳ ನಗುವನ್ನೂ ತೆಗೆದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಡಾಕ್ಟರು ಹೇಳಿದರು: ಬಲಗಣ್ಣಿಗೆ ಆಪರೇಶನ್ ಮಾಡಿದರೆ ಇರುವಷ್ಟು ಬೆಳಕಾದರೂ ಉಳಿಯಬಹುದು, ತಡಮಾಡಬೇಡಿ. ಮನೆಗೆ ಬಂದು ಸುಧಾ ಅಂದಳು, "ಶನಿವಾರ ಹೂ ಕೇಳ್ರಿ, ವೈನಿ. ಅವ ಹೂಂ ಅಂದ್ರ ಮಾಡಿಸ್ತೀನಿ."

ಮತ್ತೆ ಎಡಕ್ಕೆ ಬಿದ್ದರೆ? ಈ ಸಲ ತಾನಾಗಿಯೇ ಬಿದ್ದರೆ? ಅವಳು ಕತ್ತಲೆಯನ್ನು ಪ್ರಸಾದವೆಂದು ಒಪ್ಪಿಕೊಂಡುಬಿಡುತ್ತಾಳೆ. ಬೀಳದಂತೆ ಮಾಡುವುದು ನನಗೆ ಬರುತ್ತದೆ. ಗಂಧವನ್ನು ಈ ಸಲ ಎಡದ ಹೂವಿಗೆ ಒರೆಸಿದರಾಯಿತು, ಅಷ್ಟೇ. ಒಳ್ಳೆಯದಕ್ಕೇ ಅಲ್ಲವೆ — ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಕೈ ಕೂಡ ಸಿದ್ಧವಾಗಿತ್ತು. ಆಗ ಹೆದರಿಕೆ ಬೇರೆ ರೀತಿಯಲ್ಲಿ ಬಂತು: ಹೀಗೆ ಮಾಡುತ್ತ ಹೋದರೆ, ಈ ಹೆಂಗಸಿಗೆ ಸಾಯುವತನಕ ನಾನೇ ದೇವರು.

ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ, ಅಣ್ಣ ತಂಗಿ ಇಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದಾಗ ಹೇಳಿದೆ. ಮಾತು ಅರ್ಧರ್ಧ ಬಂತು.

"ಸುಧಾ, ಆ ಹೂ... ಫ್ರಾನ್ಸಿನದು... ಅವ ಬೀಳಿಸಲಿಲ್ಲ. ಗಂಧ ಹಚ್ಚಿದ್ದೆ ನಾ. ಹೋಗಲಿಕ್ಕ ಅಂಜಿಕಿ ಆಗಿತ್ತು, ನನಗ."

ಯಜಮಾನರು ನನ್ನ ಮುಖ ನೋಡಲಿಲ್ಲ. ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಗುಡಿಗೆ ಹೋದರು, ಬಾಗಿಲು ತೆರೆಯುವ ಹೊತ್ತು ಇನ್ನೂ ಆಗಿರಲಿಲ್ಲ.

ಸುಧಾ ಕುಳಿತೇ ಇದ್ದಳು. ಬೈಯಲಿ, ಅಳಲಿ, ಕೈಗೆ ಸಿಕ್ಕಿದ್ದು ಎಸೆಯಲಿ ಎಂದು ಕಾದೆ. ಅವಳು ನನ್ನ ನೆರಳಿನ ಕಡೆಗೆ ಮುಖ ತಿರುಗಿಸಿ, ಹುಡುಗರಿಗೆ ಪ್ರಶ್ನೆ ಕೇಳುವ ದನಿಯಲ್ಲಿ ಕೇಳಿದಳು.

"ಗಂಧ ಹಚ್ಚಲಿಲ್ಲಂದ್ರ ಬಲಕ್ಕ ಬೀಳ್ತಿತ್ತೇನು?"

"ಗೊತ್ತಿಲ್ಲವ್ವಾ," ಎಂದೆ. ನಿಜವಾಗಿ ಗೊತ್ತಿಲ್ಲ. ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅವಳು ತಲೆಯಾಡಿಸಿದಳು. "ನಾಳೆ ಹೂ ಬ್ಯಾಡ. ದವಾಖಾನಿಗಿ ಫೋನ್ ಹಚ್ಚರಿ, ಬರ್ತೀನಿ ಅನ್ರಿ. ನನ್ನ ಜೋಡಿ ಅಣ್ಣ ಬರ್ಲಿ. ಗುಡಿಗಿ ಯಾರನ್ನರೆ ಹಚ್ಚಿ ಬರ್ಲಿ. ನೀವು ಬರಬ್ಯಾಡ್ರಿ," ಎಂದಳು.

ಫೋನು ಹಚ್ಚಿದೆ. ಆ ಕಡೆಯ ಹುಡುಗಿ ದಿನ ಗೊತ್ತುಮಾಡಿದಳು. ಆಮೇಲೆ, ರೋಗಿಯ ಕೈ ಹಿಡಿದು ಕರೆತರುವವರು ಯಾರು ಎಂದು ಕೇಳಿದಳು. ಸುಧಾ ಕೇಳಿಸಿಕೊಳ್ಳುತ್ತಿದ್ದಳು. ನಾನು ಅವಳ ಅಣ್ಣನ ಹೆಸರು ಹೇಳಿದೆ.